ರಿವಾಲ್ವರ್ ಬಿಸಿಯಾದರೆ ಹಾಳಾಗುತ್ತದಂತೆ!

ಬಂಟ್ವಾಳದ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಚಪ್ಪರದ ಕೆಳಗೆ ವೀಳ್ಯ ಹಾಕಿಕೊಂಡು ಕೂತಿದ್ದೆವು. ಮಾತು ಅಡಿಕೆ ರೇಟಿನಿಂದ ಶುರುವಾಗಿ ಕಾಡುಹಂದಿಗೆ ಬಂತು, ಹಂದಿಯಿಂದ ಮಂಗನಿಗೆ, ಮಂಗನಿಂದ ಕೋವಿಗೆ, ಕೋವಿಯಿಂದ ರಿವಾಲ್ವರಿಗೆ. ನಮ್ಮ ಕಡೆ ಮಾತು ಹೋಗುವ ದಾರಿಯೇ ಹಾಗೆ, ಎಲ್ಲಿ ಹತ್ತಿದರೂ ಕೊನೆಗೆ ಇಳಿಯುವ ಸ್ಟಾಪು ಒಂದೇ.

ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕಾದ ಹಿರಿಯರೊಬ್ಬರ ಹತ್ತಿರ ಪಾಯಿಂಟ್ 32 ರಿವಾಲ್ವರ್ ಉಂಟು. ಕಾನ್ಪುರದ ಕಾರ್ಖಾನೆಯದ್ದು, ಲೈಸೆನ್ಸ್ ಎಲ್ಲ ಸರಿಯಾಗಿಯೇ ಉಂಟು. ತಂದು ಇಪ್ಪತ್ತು ವರ್ಷ ದಾಟಿದೆ. ಸುಮ್ಮನೆ ಕೇಳಿದೆ, "ದೊಡ್ಡಪ್ಪ, ಇಷ್ಟರವರೆಗೆ ಎಷ್ಟು ಗುಂಡು ಹೊಡೆದಿರಬಹುದು ಅದರಲ್ಲಿ?"

"ನಾಲ್ಕು. ತಂದ ವರ್ಷ. ಮತ್ತೆ ಮುಟ್ಟಲಿಕ್ಕೆ ಹೋಗಲಿಲ್ಲ. ಒಟ್ಟೊಟ್ಟಿಗೆ ಹೊಡೆದರೆ ಬಿಸಿಯಾಗಿ ನಳಿಗೆ ಹೋಗ್ತದೆ ಮಾರಾಯ. ಲಕ್ಷದ ಸಾಮಾನು ಅದು."

ಸುತ್ತ ಕೂತಿದ್ದ ನಾಲ್ಕೈದು ಜನ ಹೌದು ಹೌದು ಎಂದು ತಲೆಯಾಡಿಸಿದರು. ಒಬ್ಬರಂತೂ ಇನ್ನೂ ಮುಂದೆ ಹೋಗಿ, ಹನ್ನೆರಡು ಗುಂಡಿನ ಮೇಲೆ ಹೊಡೆದರೆ ನಳಿಗೆ ಬಾಗುತ್ತದೆ ಎಂದರು. ಬಾಗುತ್ತದೆಯಂತೆ! ಮೇಣದ ಬತ್ತಿಯಾ ಸ್ವಾಮಿ ಅದು? ಗೃಹಪ್ರವೇಶದ ಮನೆಯಲ್ಲಿ ಹಿರಿಯರ ಹತ್ತಿರ ವಾದ ಮಾಡುವುದು ಬೇಡ ಎಂದು ಸುಮ್ಮನಿದ್ದೆ. ಆ ದಿವಸ ನುಂಗಿಕೊಂಡದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಲೆಕ್ಕ. ಹೈಸ್ಕೂಲಿನ ವಿಜ್ಞಾನ ಸಾಕು ಇದಕ್ಕೆ. ಪಾಯಿಂಟ್ 32 ತೋಟೆಯಲ್ಲಿ ಇರುವ ಮದ್ದು ಎಷ್ಟು? ಒಂದು ಗ್ರಾಮಿನ ಆರನೇ ಒಂದು ಪಾಲಿನಷ್ಟು, ಅಂದರೆ ಒಂದು ಚಿಟಿಕೆಯೂ ಸರಿಯಾಗಿ ಆಗಲಿಕ್ಕಿಲ್ಲ. ಹೊಗೆಯಿಲ್ಲದ ಮದ್ದು ಗ್ರಾಮಿಗೆ ಸುಮಾರು 4000 ಜೂಲ್ ಶಕ್ತಿ ಕೊಡುತ್ತದೆ. ಹಾಗಾದರೆ ಒಂದು ತೋಟೆಗೆ 600ರಿಂದ 700 ಜೂಲ್. ಅದರಲ್ಲಿ 150ರಷ್ಟು ಗುಂಡಿನ ಓಟಕ್ಕೆ ಹೋಯಿತು. ದೊಡ್ಡ ಪಾಲು ಬಿಸಿ ಗಾಳಿಯಾಗಿ ನಳಿಗೆಯ ಬಾಯಿಂದ ಹೊರಗೆ ಹೋಯಿತು. ಉಳಿದದ್ದು ಕಬ್ಬಿಣಕ್ಕೆ. ಧಾರಾಳವಾಗಿ 250 ಜೂಲ್ ಎಂದು ಇಟ್ಟುಕೊಳ್ಳುವ, ದೊಡ್ಡಪ್ಪನ ಪಕ್ಷಕ್ಕೆ ಸ್ವಲ್ಪ ಗ್ರೇಸ್ ಮಾರ್ಕು ಕೊಟ್ಟ ಹಾಗೆ :-)

ರಿವಾಲ್ವರಿನ ತೂಕ ಸುಮಾರು 700 ಗ್ರಾಂ. ಅಷ್ಟು ಉಕ್ಕು ಒಂದು ಡಿಗ್ರಿ ಬಿಸಿಯಾಗಲಿಕ್ಕೆ 330 ಜೂಲ್ ಬೇಕು. ಹಾಗಾದರೆ ಆರು ಗುಂಡು ಹೊಡೆದರೆ ಏರುವ ಬಿಸಿ ಸರಾಸರಿ ನಾಲ್ಕೂವರೆ ಡಿಗ್ರಿ. ನಾಲ್ಕೂವರೆ! ಏಪ್ರಿಲ್ ತಿಂಗಳ ಮಧ್ಯಾಹ್ನ ಹಂಪನಕಟ್ಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಬೈಕಿನ ಟ್ಯಾಂಕು ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ. ಐವತ್ತು ಗುಂಡಿನ ಒಂದು ಇಡೀ ಬಾಕ್ಸನ್ನು ಒಂದೇ ಸಮ ಖಾಲಿ ಮಾಡಿದಿರಿ, ನಡುವೆ ಗಾಳಿಗೆ ಒಂದಿಷ್ಟೂ ಆರಲೇ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ 38 ಡಿಗ್ರಿ ಏರಿಕೆ. ನಮ್ಮ ಊರಿನ 34 ಸೇರಿಸಿದರೆ 72. ನಳಿಗೆ ಉಳಿದ ಭಾಗಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಅದಕ್ಕೆ ಎರಡು ಪಾಲು ಏರಿಕೆ ಕೊಡಿ, 110. ಕೈ ಇಟ್ಟರೆ ಚುರ್ ಅನ್ನುತ್ತದೆ, ಬೊಕ್ಕೆ ಬರುತ್ತದೆ. ಸುಡುವುದು ನಿಮ್ಮ ಬೆರಳು, ಉಕ್ಕಿಗೆ ಏನೂ ಆಗುವುದಿಲ್ಲ.

ನಳಿಗೆಯ ಉಕ್ಕನ್ನು ಕಾಯಿಸಿ, ಅದ್ದಿ, ಪುನಃ ಐನೂರು ಆರುನೂರು ಡಿಗ್ರಿಯ ಆಸುಪಾಸಿನಲ್ಲಿ ಹದ ಮಾಡಿರುತ್ತಾರೆ. ಆ ಹದ ಕೆಡಬೇಕಾದರೆ ಅಷ್ಟೇ ಬಿಸಿ ಅದಕ್ಕೆ ತಾಗಬೇಕು. ನೂರರಲ್ಲಿ ಅದಕ್ಕೆ ಗೊತ್ತೂ ಆಗುವುದಿಲ್ಲ. ಇನ್ನೂ ತಮಾಷೆಯ ಸಂಗತಿ ಕೇಳಿ. ರಿವಾಲ್ವರಿನ ಮೈಮೇಲೆ ಇರುವ ಆ ಚಂದದ ಕಪ್ಪು ಬಣ್ಣ ಉಂಟಲ್ಲ, ಅದು ಪೈಂಟ್ ಅಲ್ಲ. ಸಾಮಾನ್ಯವಾಗಿ ಉಪ್ಪು ಮತ್ತು ಕ್ಷಾರದ ದ್ರಾವಣವನ್ನು 140 ಡಿಗ್ರಿಯ ಹತ್ತಿರ ಕುದಿಸಿ ಅದರಲ್ಲಿ ಉಕ್ಕನ್ನು ಮುಳುಗಿಸಿ ಬರಿಸುವ ಬಣ್ಣ ಅದು. ಅಂದರೆ ನೀವು ಐವತ್ತು ಗುಂಡು ಹೊಡೆದು ಕೊಡುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ ಮಿಂದೇ ಅದು ನಿಮ್ಮ ಮನೆಗೆ ಬಂದಿರುತ್ತದೆ.

ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು? ಪೂರ್ತಿ ಬೊಗಳೆ ಎಂದು ನಾನು ಹೇಳುವುದಿಲ್ಲ. ಬೇರೆ ಕೋವಿಗಳ ಕಥೆ ರಿವಾಲ್ವರಿನ ತಲೆಗೆ ಬಂದು ಕೂತಿದೆ. ಬ್ರಿಟಿಷರ ಕಾಲದ ಮೊದಲ ಕಾರ್ಡೈಟ್ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ 58 ಪರ್ಸೆಂಟ್ ಇತ್ತು. ಅದರ ಉರಿ ಎಷ್ಟು ಜೋರು ಎಂದರೆ ರೈಫಲುಗಳ ಮತ್ತು ಫಿರಂಗಿಗಳ ನಳಿಗೆ ಒಳಗಿಂದ ಸವೆದು ಹೋಗುತ್ತಿತ್ತು. ಕೊನೆಗೆ ಅದನ್ನು 30 ಪರ್ಸೆಂಟಿಗೆ ಇಳಿಸಿ ಹೊಸ ಕಾರ್ಡೈಟ್ ಮಾಡಬೇಕಾಯಿತು. ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಶುರುವಾದದ್ದೂ ಇಪ್ಪತ್ತನೇ ಶತಮಾನದ ಆರಂಭದ ಅದೇ ಹೊತ್ತಿನಲ್ಲಿ. ಮಶಿನ್ ಗನ್ನಿನ ಕಥೆ ಇನ್ನೊಂದು. ವಿಕರ್ಸ್ ಗನ್ನಿನ ನಳಿಗೆಯ ಸುತ್ತ ನಾಲ್ಕು ಲೀಟರ್ ನೀರಿನ ಅಂಗಿ ಇತ್ತು, ಒಂದೇ ಸಮ ಹೊಡೆದರೆ ಆ ನೀರು ಕುದಿಯುತ್ತಿತ್ತು. ಮಿಲಿಟರಿಯಲ್ಲಿ ಇದ್ದು ಬಂದವರು ಊರಿಗೆ ಬಂದು ಹೇಳಿದ ಮಾತು ಇದೇ ಇರಬೇಕು, ಬಿಸಿಯಾದರೆ ನಳಿಗೆ ಹೋಗುತ್ತದೆ ಎಂದು. ಅವರು ಹೇಳಿದ್ದು ಸರಿಯೇ, ಅವರ ಗನ್ನಿಗೆ. ನಿಮಿಷಕ್ಕೆ ನಾನೂರು ಐನೂರು ಗುಂಡು ಉಗುಳುವ ಯಂತ್ರಕ್ಕೂ, ಆರು ಹೊಡೆದ ಮೇಲೆ ನಿಂತು, ಖಾಲಿ ತೋಟೆ ಉದುರಿಸಿ, ಒಂದೊಂದಾಗಿ ಆರು ತುಂಬಬೇಕಾದ ಸಾಮಾನಿಗೂ ಎಲ್ಲಿಂದೆಲ್ಲಿಗೆ ಸಂಬಂಧ?

ರಿವಾಲ್ವರಿನಲ್ಲಿಯೂ ಬಿಸಿ ಗಾಳಿ ಉಕ್ಕನ್ನು ಕಚ್ಚುವ ಎರಡು ಜಾಗ ಉಂಟು. ಗುಂಡು ಸಿಲಿಂಡರಿನಿಂದ ನಳಿಗೆಗೆ ಹಾರುವ ಬಾಯಿ ಒಂದು, ಅದರ ನೇರ ಮೇಲೆ ಇರುವ ಚೌಕಟ್ಟಿನ ಪಟ್ಟಿ ಇನ್ನೊಂದು. ಜೋರಿನ ಮ್ಯಾಗ್ನಮ್ ತೋಟೆ ಸಾವಿರಗಟ್ಟಲೆ ಹೊಡೆದವರ ರಿವಾಲ್ವರಿನಲ್ಲಿ ಆ ಪಟ್ಟಿಯ ಮೇಲೆ ಸಣ್ಣ ಗೀರು ಬೀಳುತ್ತದೆ. ಸ್ವಲ್ಪ ಆಳಕ್ಕೆ ಹೋಗಿ ಅದು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಪಾಯಿಂಟ್ 357 ಮ್ಯಾಗ್ನಮ್ಮಿನ ಒತ್ತಡದ ಮಿತಿ 35,000 ಪಿ.ಎಸ್.ಐ. ನಮ್ಮ ಪಾಯಿಂಟ್ 32 ಲಾಂಗಿನ ಮಿತಿ 15,000. (ಪಿ.ಎಸ್.ಐ. ಎಂದ ಕೂಡಲೇ ಠಾಣೆಯ ಸಬ್ ಇನ್ಸ್‌ಪೆಕ್ಟರ್ ನೆನಪಾದವರು ಕ್ಷಮಿಸಬೇಕು, ಇದು ಚದರ ಇಂಚಿಗೆ ಎಷ್ಟು ಪೌಂಡು ಎಂಬ ಲೆಕ್ಕ.) ಅರ್ಧಕ್ಕೂ ಕಡಿಮೆ ಒತ್ತಡ, ಅದೂ ಲೈಸೆನ್ಸಿನಲ್ಲಿ ಬರೆದಷ್ಟೇ ತೋಟೆ. ನಮ್ಮ ದೇಶದ ಲೈಸೆನ್ಸುದಾರ ತನ್ನ ಜೀವಮಾನ ಇಡೀ ಹೊಡೆದರೂ ಆ ಗೀರು ಸರಿಯಾಗಿ ಕಾಣಲಿಕ್ಕಿಲ್ಲ.

ಇನ್ನು "ಹೊಡೆದು ಹೊಡೆದು ಸಿಲಿಂಡರೇ ತಿರುಗದೆ ಹಿಡಿದುಕೊಂಡಿತು, ಬಿಸಿಗೆ ಉಬ್ಬಿತು" ಎನ್ನುವವರು. ಇವರು ಕಂಡದ್ದು ನಿಜ, ಕೊಟ್ಟ ಕಾರಣ ಹೆಚ್ಚಿನಂಶ ಸುಳ್ಳು. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, 0.15 ಮಿಲಿಮೀಟರ್ ಅಂದುಕೊಳ್ಳಿ. ಮೂರು ಸೆಂಟಿಮೀಟರ್ ಉದ್ದದ ಉಕ್ಕು 50 ಡಿಗ್ರಿ ಬಿಸಿಯಾದರೆ ಉದ್ದವಾಗುವುದು 0.02 ಮಿಲಿಮೀಟರಿಗೂ ಕಡಿಮೆ. ಸಂದಿನ ಏಳೆಂಟನೇ ಒಂದು ಪಾಲು. ಉಳಿದ ಸಂದು ತುಂಬಿದ್ದು ಯಾವುದು? ಮಸಿ! ಮದ್ದಿನ ಮಸಿ, ಸೀಸದ ಗುಂಡಾದರೆ ಸೀಸದ ಕಿಟ್ಟ. ಸಿಲಿಂಡರಿನ ನಡುಕಡ್ಡಿಯಲ್ಲಿ ಹಳೇ ಎಣ್ಣೆ ಅಂಟಾಗಿದ್ದರೆ ಕೇಳುವುದೇ ಬೇಡ. ಹತ್ತು ನಿಮಿಷ ಆರಲು ಬಿಟ್ಟು, ಬ್ರಷ್ ಹಾಕಿ ಉಜ್ಜಿ, ಒಂದು ಹನಿ ಎಣ್ಣೆ ಬಿಟ್ಟರೆ ಪುನಃ ಬುಗುರಿಯ ಹಾಗೆ ತಿರುಗುತ್ತದೆ.

ಬಿಸಿಗೆ ಹೆದರಲೇಬೇಕು ಎಂದಿದ್ದರೆ ಹೆದರುವ ಜಾಗ ಬೇರೆ ಉಂಟು. ಸಿಲಿಂಡರಿನ ಆ ಸಂದಿನಿಂದ ಪ್ರತಿ ಸಲ ಬೆಂಕಿಯಂಥ ಗಾಳಿ ಪಕ್ಕಕ್ಕೆ ಹಾರುತ್ತದೆ. ಸಿನಿಮಾದಲ್ಲಿ ನೋಡಿ ಎಡಗೈಯಲ್ಲಿ ರಿವಾಲ್ವರಿನ ಮುಂದಿನ ಭಾಗ ಹಿಡಿದುಕೊಳ್ಳುವವರ ಬೆರಳಿಗೆ ಅದು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಇನ್ನೊಂದು, ಬಾಯಿಯಿಂದ ಮದ್ದು ತುಂಬುವ ನಮ್ಮ ಹಳೇ ಕೇಪಿನ ಕೋವಿ. ಒಂದು ಈಡು ಹೊಡೆದ ಕೂಡಲೇ ಅವಸರದಲ್ಲಿ ಇನ್ನೊಂದಕ್ಕೆ ಮದ್ದು ಸುರಿದರೆ ಒಳಗೆ ಉಳಿದ ಕಿಡಿ ಅದನ್ನು ಹೊತ್ತಿಸಬಹುದು. ನೇಮ, ಜಾತ್ರೆಗಳಲ್ಲಿ ಗರ್ನಾಲು ಹೊಡೆಯುವ ಅನುಭವಸ್ಥರು ಬಿಸಿ ಕೊಳವೆಗೆ ಅವಸರದಲ್ಲಿ ಮದ್ದು ಹಾಕುವುದಿಲ್ಲ, ಅವರಿಗೆ ಗೊತ್ತುಂಟು. ಅಲ್ಲೂ ಹೋಗುವುದು ಕೈ, ನಳಿಗೆ ಅಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈಯಲ್ಲಿ ಬೀರುವಿನ ಒಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ಇಂಥ ಊರಲ್ಲಿ ಇದ್ದುಕೊಂಡು ಕಬ್ಬಿಣದ ಸಾಮಾನಿಗೆ ಬಿಸಿಯಿಂದ ಅಪಾಯ ಎನ್ನುತ್ತೀರಲ್ಲ, ನಿಮ್ಮ ಮನೆಯ ಗೇಟನ್ನು ಒಮ್ಮೆ ನೋಡಿಕೊಳ್ಳಿ! ಅದು ಯಾವ ಬಿಸಿಗೆ ಹೋಯಿತು?

ಹೆಚ್ಚಿನವರು ರಿವಾಲ್ವರನ್ನು ಚರ್ಮದ ಚೀಲದಲ್ಲೇ ಹಾಕಿ ಗೋದ್ರೆಜಿನ ಒಳಗೆ ಇಡುತ್ತಾರೆ. ಚರ್ಮ ನೀರು ಹೀರಿಕೊಳ್ಳುತ್ತದೆ, ಅದನ್ನು ಹದ ಮಾಡಿದ ರಾಸಾಯನಿಕಗಳೂ ಅದರಲ್ಲೇ ಉಳಿದಿರುತ್ತವೆ. ಮಳೆಗಾಲ ಇಡೀ ಒದ್ದೆ ಬಟ್ಟೆ ಸುತ್ತಿ ಇಟ್ಟದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಎಣ್ಣೆ ಹಾಕಿದ್ದೇವೆ ಎನ್ನುತ್ತಾರೆ. ಯಾವ ಎಣ್ಣೆ? ತೆಂಗಿನೆಣ್ಣೆ! ತಲೆಗೆ, ದೋಸೆಗೆ, ದೀಪಕ್ಕೆ, ರಿವಾಲ್ವರಿಗೆ, ಎಲ್ಲಕ್ಕೂ ಅದೇ. ಅದು ಕನರಾದ ಮೇಲೆ ಹುಳಿಯಾಗುತ್ತದೆ ಸ್ವಾಮಿ, ಆ ಹುಳಿ ಉಕ್ಕನ್ನು ತಿನ್ನುತ್ತದೆ, ಧೂಳು ಸೇರಿ ಅಂಟಾಗುತ್ತದೆ. ಮೂವತ್ತು ರೂಪಾಯಿಯ ಹೊಲಿಗೆ ಮಶಿನಿನ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು.

ಆಯುಧ ಪೂಜೆಗೆ ನನ್ನದೇನೂ ತಕರಾರಿಲ್ಲ. ಆದರೆ ಗಂಧ, ಕುಂಕುಮ, ತೀರ್ಥ ಎಲ್ಲ ಹಾಕಿ, ಆರತಿ ಎತ್ತಿ, ಹಾಗೆಯೇ ಒರೆಸದೆ ಒಳಗೆ ಇಟ್ಟರೆ ಮುಂದಿನ ನವರಾತ್ರಿಗೆ ಗಂಧದ ಬೊಟ್ಟು ಇಟ್ಟ ಜಾಗದಲ್ಲೇ ತುಕ್ಕಿನ ಬೊಟ್ಟು ಇರುತ್ತದೆ. ಕೊಡಗಿನವರನ್ನು ನೋಡಿ. ಅವರ ಕೋವಿಯ ಹಕ್ಕಿನ ವಿನಾಯಿತಿ 1861ರಿಂದ ಬಂದದ್ದು, ಕೇಂದ್ರ ಸರಕಾರ ಅದನ್ನು 2019ರಲ್ಲಿ ಪುನಃ ಹತ್ತು ವರ್ಷಕ್ಕೆ ಮುಂದುವರಿಸಿದೆ, ಅದರ ವಿರುದ್ಧದ ಅರ್ಜಿಯನ್ನು ಹೈಕೋರ್ಟು 2021ರಲ್ಲಿ ವಜಾ ಮಾಡಿದೆ. ಅವರೂ ಕೈಲ್‌ಪೊಳ್ದಿಗೆ ಕೋವಿಗೆ ಪೂಜೆ ಮಾಡುತ್ತಾರೆ, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಆದರೆ ಅದಕ್ಕೆ ಮೊದಲು ಕೋವಿ ಶುಚಿ ಮಾಡುತ್ತಾರೆ, ಆಮೇಲೆ ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ನಮ್ಮಲ್ಲಿ ಪೂಜೆ ಮಾತ್ರ ಉಳಿದದ್ದು.

ಹೊಡೆದು ತೊಳೆಯದೆ ಇಡುವುದು ಇನ್ನೂ ಕೆಟ್ಟದ್ದು, ಅದನ್ನೂ ಹೇಳಬೇಕು. ಕರಿಮದ್ದಿನ ಮಸಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಹಳೇ ಕಾಲದ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಸಿಡಿದ ಮೇಲೆ ನಳಿಗೆಯ ಒಳಗೆ ಬಿಡುವುದು ಹೆಚ್ಚು ಕಡಿಮೆ ಅಡುಗೆ ಉಪ್ಪಿನ ದಾಯಾದಿಯನ್ನು. ಈ ಊರಿನ ಹವೆಗೆ ಒಂದೆರಡು ದಿವಸ ಸಾಕು. ಒಂದು ಗಮ್ಮತ್ತಿನ ಅನುಮಾನ ನನಗೆ ಏನೆಂದರೆ, "ಬಿಸಿಗೆ ನಳಿಗೆ ಹೋಯಿತು" ಎಂಬ ಮಾತಿನ ಅರ್ಧಕ್ಕರ್ಧ ಹುಟ್ಟಿದ್ದು ಇಲ್ಲೇ. ಹಬ್ಬದ ದಿನ ಹತ್ತು ಹೊಡೆದರು, ತೊಳೆಯಲಿಲ್ಲ, ತಿಂಗಳ ನಂತರ ನಳಿಗೆಯ ಒಳಗೆ ಕಣ್ಣಿಟ್ಟು ನೋಡಿದರೆ ಗುಳಿ ಗುಳಿ. ಹೊಡೆದದ್ದು ನೆನಪಿತ್ತು, ತೊಳೆಯದ್ದು ನೆನಪಿರಲಿಲ್ಲ. ಅಪವಾದ ಬಿಸಿಯ ಮೇಲೆ.

ಇನ್ನು ಚುನಾವಣೆಯ ಠೇವಣಿ. ಇಲ್ಲಿ ನನಗೆ ನಿಜವಾಗಿ ಕೋಪ ಬರುತ್ತದೆ. ಚುನಾವಣೆ ಘೋಷಣೆಯಾದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಲೈಸೆನ್ಸುದಾರರು ಕೋವಿ ತಂದು ಒಪ್ಪಿಸಬೇಕು. ಚುನಾವಣಾ ಆಯೋಗ ಹೇಳಿದ್ದು ಪರಿಶೀಲನಾ ಸಮಿತಿ ಮಾಡಿ ನೋಡಿ ಎಂದು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಭೆಯಲ್ಲಿ ಸೇರಿದವರು, ಇಂಥವರ ಆಯುಧ ಮುಖ್ಯವಾಗಿ ಒಳಗೆ ಹೋಗಬೇಕು. ಆದರೆ ತೋಟದ ಬದಿಯಲ್ಲಿ ಮಂಗ ಓಡಿಸುವ ಅಜ್ಜನಿಗೂ ಅದೇ ನೋಟೀಸು. 2023ರಲ್ಲಿ ಮಾರ್ಚ್ 29ಕ್ಕೆ ನೀತಿಸಂಹಿತೆ ಬಂತು, ಮೇ 13ಕ್ಕೆ ಎಣಿಕೆ. 2024ರಲ್ಲಿ ಮಾರ್ಚ್ 16ರಿಂದ ಜೂನ್ 6. ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು! ಬೇರೆ ರಾಜ್ಯಗಳ ಮತದಾನ ಮುಗಿಯುವಷ್ಟರಲ್ಲಿ ಇಲ್ಲಿ ಮಳೆಗಾಲ ಶುರು.

ನನ್ನ ಸ್ನೇಹಿತನೊಬ್ಬನ ಕೋವಿ ಆ ವರ್ಷ ಜೂನ್ ಅರ್ಧ ಕಳೆದ ಮೇಲೆ ಕೈಗೆ ಬಂತು. ಯಾವ ಠಾಣೆ ಎಂದು ಬರೆಯುವುದಿಲ್ಲ, ಅಲ್ಲಿ ಕೂತವರಿಗೂ ಜಾಗ ಇರಲಿಲ್ಲ ಪಾಪ. ಗೋಡೆಗೆ ಒರಗಿಸಿ ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು, ಗೋಡೆಯಲ್ಲಿ ನೀರು ಒಸರುತ್ತಿತ್ತು. ಕೊಡುವಾಗ ಕಪ್ಪಾಗಿದ್ದ ನಳಿಗೆ ಬರುವಾಗ ಗೇರುಬೀಜದ ಸಿಪ್ಪೆಯ ಬಣ್ಣ. ರಶೀದಿಯಲ್ಲಿ ನಂಬರು ಉಂಟು, ಸ್ಥಿತಿ ಹೇಗಿತ್ತು ಎಂದು ಬರೆದದ್ದಿಲ್ಲ. ಯಾರ ಹತ್ತಿರ ಕೇಳುವುದು? ಅವನ ಅಪ್ಪ ನೋಡಿ ಹೇಳಿದ್ದು, "ಕಳೆದ ವರ್ಷ ನೀನು ಹಂದಿ ಓಡಿಸಲಿಕ್ಕೆ ಸಾಲಾಗಿ ನಾಲ್ಕು ಈಡು ಹೊಡೆದೆಯಲ್ಲ, ಆ ಬಿಸಿಗೆ ಆದದ್ದು." ನಗಬೇಕಾ ಅಳಬೇಕಾ ಹೇಳಿ.

ನೋಡಿ, ಈ ತಪ್ಪು ನಂಬಿಕೆಯಿಂದ ಲಾಭ ಯಾರಿಗೆ ಎಂದು. ಸರಿಯಾಗಿ ಇಡದವನು ತಪ್ಪಿಸಿಕೊಳ್ಳುತ್ತಾನೆ. ತೊಳೆಯದವನು ತಪ್ಪಿಸಿಕೊಳ್ಳುತ್ತಾನೆ. ಅಭ್ಯಾಸ ಮಾಡಲು ಉದಾಸೀನ ಇರುವವನಿಗೆ ಅದು ಜಾಣತನದ ಹಾಗೆ ಕಾಣುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿಗೆ ಅರ್ಜಿ ಹಾಕುವವರು ಸುರಕ್ಷತಾ ತರಬೇತಿಯ ಸರ್ಟಿಫಿಕೇಟು ಕೊಡಬೇಕು. ಒಳ್ಳೆಯದೇ. ಆದರೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ದಿನ ಕಾರನ್ನು ಶೆಡ್ಡಿಗೆ ಹಾಕಿ, ಇಪ್ಪತ್ತು ವರ್ಷದ ನಂತರ ಅರ್ಧರಾತ್ರಿ ಮಳೆಯಲ್ಲಿ ಒಮ್ಮೆಲೇ ಚಾರ್ಮಾಡಿ ಘಾಟಿ ಹತ್ತಿಸುತ್ತೇನೆ ಎಂದರೆ ಪಕ್ಕದಲ್ಲಿ ಯಾರು ಕೂರುತ್ತಾರೆ? ರಿವಾಲ್ವರ್ ಇಟ್ಟುಕೊಂಡವನು ಅದನ್ನು ಹೊರಗೆ ತೆಗೆಯುವುದು ಅಂಥದೇ ರಾತ್ರಿ. ಕೈ ನಡುಗುತ್ತಿರುತ್ತದೆ, ಮನೆಯಲ್ಲಿ ಹೆಂಡತಿ ಮಕ್ಕಳು ಇರುತ್ತಾರೆ, ಟ್ರಿಗರ್ ಎಷ್ಟು ಗಟ್ಟಿ ಎಂಬುದೇ ಬೆರಳಿಗೆ ಮರೆತಿರುತ್ತದೆ. ಇಪ್ಪತ್ತು ವರ್ಷ ಹಳೆಯ ತೋಟೆ ಟಿಕ್ ಎಂದು ಸುಮ್ಮನಾದರೆ ಏನು ಮಾಡಬೇಕು ಎಂದು ಗೊತ್ತಿರುವುದಿಲ್ಲ. (ಕೂಡಲೇ ತೆರೆಯಬಾರದು. ರೇಂಜಿನಲ್ಲಿ ಆದರೆ ಬಾಯಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವುದುಂಟು.)

ಅಂಗಳದಲ್ಲಿ ನಿಂತು ಆಕಾಶಕ್ಕೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಮದುವೆ ಮುಂಜಿಯಲ್ಲಿ ಹಾಗೆ ಹೊಡೆಯುವುದು 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದಾದ ಅಪರಾಧ, ಆಗಲೂಬೇಕು. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ನಡೆಯುವಾಗ ಹೋಗಿ, ಇಲ್ಲವೇ ರೈಫಲ್ ಕ್ಲಬ್ಬಿಗೆ ಸೇರಿ. ವರ್ಷಕ್ಕೆ ಮೂವತ್ತು ನಲವತ್ತಾದರೂ ಹೊಡೆಯಿರಿ, ಹಳೇ ತೋಟೆ ಖಾಲಿ ಮಾಡಿ ಹೊಸದು ತನ್ನಿ. ಬಿಸಿಯಾಯಿತು ಎನಿಸಿದರೆ ಒಂದು ಲೋಟ ಚಾ ಕುಡಿಯಿರಿ, ಅಷ್ಟರಲ್ಲಿ ಆರಿರುತ್ತದೆ. ನೀರು ಸುರಿದು ತಣ್ಣಗೆ ಮಾಡುವ ಬುದ್ಧಿವಂತಿಕೆ ಬೇಡ. ಅದೇ ರಾತ್ರಿ ಉಜ್ಜಿ, ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಚರ್ಮದ ಚೀಲದಿಂದ ಹೊರಗೆ ಇಡಿ.

ಮುಂದಿನ ಚುನಾವಣೆಗೆ ಠೇವಣಿ ಇಡಲೇಬೇಕಾಗಿ ಬಂದರೆ ನಳಿಗೆಯ ಒಳಗೂ ಹೊರಗೂ ಗ್ರೀಸ್ ಹಚ್ಚಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹಾಕಿ. ಹೊಸ ಶೂ ಬಾಕ್ಸಿನಲ್ಲಿ ಬರುತ್ತದಲ್ಲ ಆ ಸಿಲಿಕಾದ ಪೊಟ್ಟಣ, ನಾಲ್ಕು ಅದರೊಳಗೆ ಹಾಕಿ. ಕೊಡುವ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟು, ರಶೀದಿಯಲ್ಲಿ "ತುಕ್ಕಿಲ್ಲ, ಸುಸ್ಥಿತಿ" ಎಂದು ಬರೆಸಿಕೊಳ್ಳಿ. ಬರೆಯಲಿಕ್ಕೆ ಆಗುವುದಿಲ್ಲ ಎಂದರೆ ಒಂದು ಬಿಳಿ ಹಾಳೆಯಲ್ಲಿ ನೀವೇ ಬರೆದು ಸ್ವೀಕೃತಿಯ ಸೀಲು ಹಾಕಿಸಿ.

ಅಂದ ಹಾಗೆ, ದೊಡ್ಡಪ್ಪನ ರಿವಾಲ್ವರನ್ನು ಆಮೇಲೆ ಅವರ ಮನೆಗೆ ಹೋಗಿ ನೋಡಿದೆ. ತೋಟೆ ಎಲ್ಲ ತೆಗೆದು ಬದಿಗೆ ಇಟ್ಟು ಸಿಲಿಂಡರ್ ತಿರುಗಿಸಲು ನೋಡಿದರೆ ಅಲುಗಲಿಲ್ಲ. ತೆಂಗಿನೆಣ್ಣೆ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಮುಕ್ಕಾಲು ಗಂಟೆ ಒರೆಸಿದ ಮೇಲೆ ತಿರುಗಿತು. ದೊಡ್ಡಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

"ಆ ನಾಲ್ಕು ಗುಂಡು ಸಹ ಹೊಡೆಯಬಾರದಿತ್ತು ಮಾರಾಯ" ಎಂದರು.